ತನ್ನ ಹೆಸರು ತಾನೇ ಬರೆದುಕೊಳ್ಳದ ಪುಸ್ತಕ

ಹಾಸನದ ಪಿಯು ತರಗತಿಗಳಲ್ಲಿ ಗಣಿತದ ಗಣಗಳ (ಸೆಟ್‌ಗಳ) ಪಾಠ ಆರಂಭವಾದ ವಾರದಲ್ಲೇ ಯಾರಾದರೊಬ್ಬರು ಎದ್ದು ನಿಂತು, “ಒಂದಕ್ಕೆ ಒಂದು ಕೂಡಿಸಿದರೆ ಎರಡು ಅಂತ ಸಾಧಿಸೋಕೆ ನೂರಾರು ಪುಟ ಬರೆದಿದ್ದಾರಂತೆ, ನಿಜವೇ ಸಾರ್?” ಎಂದು ಕೇಳುವುದುಂಟು. ಇಂಗ್ಲೆಂಡಿನ ಗಣಿತಜ್ಞರಾದ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಮತ್ತು ಬರ್ಟ್ರಂಡ್ ರಸೆಲ್ ಸೇರಿ ಬರೆದ ‘ಪ್ರಿನ್ಸಿಪಿಯ ಮ್ಯಾಥಮ್ಯಾಟಿಕ’ 1910, 1912 ಮತ್ತು 1913ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಮೊದಲ ಸಂಪುಟದ 379ನೇ ಪುಟದಲ್ಲಿ ಒಂದು ಪ್ರಮೇಯವಿದ್ದು, ಸಂಕಲನಕ್ಕೆ ವ್ಯಾಖ್ಯೆ ಕೊಟ್ಟ ಮೇಲೆ ಇದರಿಂದ 1+1=2 ಎಂಬುದು ಸಿದ್ಧವಾಗುತ್ತದೆ ಎಂದು ಅಲ್ಲಿ ಹೇಳಿದೆ. ಆ ಕೆಲಸ ಮುಗಿಯುವುದು ಎರಡನೆಯ ಸಂಪುಟದಲ್ಲಿ. ಈ ಪ್ರಮೇಯ ಆಗೀಗ ಉಪಯೋಗಕ್ಕೆ ಬರುತ್ತದೆ ಎಂಬ ಒಣ ಹಾಸ್ಯದ ಮಾತೂ ಅಲ್ಲೇ ಇದೆ. ಆದರೆ ಅಷ್ಟು ಪುಟಗಳೆಲ್ಲ ಈ ಒಂದು ಲೆಕ್ಕಕ್ಕಾಗಿ ಖರ್ಚಾದವಲ್ಲ. ಇಡೀ ಗಣಿತವನ್ನೇ ತರ್ಕದ ಮೇಲೆ ನಿಲ್ಲಿಸಲು ಹಾಕಿದ ಅಡಿಪಾಯ ಅದು.

ಅಂಥ ಅಡಿಪಾಯ ಬೇಕೆನಿಸಿದ್ದಕ್ಕೆ ಕಾರಣ ಒಂದು ಪತ್ರ. ಯಾವುದೇ ಗುಣವನ್ನು ಹೇಳಿದರೂ ಆ ಗುಣವುಳ್ಳ ವಸ್ತುಗಳದೊಂದು ಗಣ ಇದ್ದೇ ಇರುತ್ತದೆ ಎಂಬ ನಿಯಮವನ್ನು ನಂಬಿ ಜರ್ಮನಿಯ ಗೊಟ್ಲೋಬ್ ಫ್ರೇಗೆ ಅಂಕಗಣಿತವನ್ನು ಕಟ್ಟುತ್ತಿದ್ದರು. ಅವರ ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿದ್ದಾಗ, 1902ರ ಜೂನ್ 16ರಂದು, ರಸೆಲ್ ಆ ನಿಯಮದೊಳಗಿನ ಬಿರುಕನ್ನು ತೋರಿಸಿ ಅವರಿಗೆ ಬರೆದರು.

ಬಿರುಕು ಯಾವುದೆಂದು ತಿಳಿಯಲು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಆಫೀಸನ್ನು ನೆನೆಯಬಹುದು. ರೈಟರ (ತೋಟದ ಗುಮಾಸ್ತರ) ಮೇಜಿನ ಮೇಲೆ ಆಳುಗಳ ಹಾಜರಿಯ ಚೆಕ್‌ರೋಲ್, ಗೊಬ್ಬರದ ಸ್ಟಾಕ್ ಪುಸ್ತಕ, ಕಾಫಿ ಮೂಟೆಗಳ ಲೆಕ್ಕದ ಪುಸ್ತಕ ಇವೆ. ಆಫೀಸಿನ ಎಲ್ಲ ಪುಸ್ತಕಗಳ ಪಟ್ಟಿ ಇರುವ ಇನ್ನೊಂದು ಪುಸ್ತಕದಲ್ಲಿ ಅದರದೇ ಹೆಸರೂ ಇದೆ. ಈಗ ಸಾಹುಕಾರರು, “ತನ್ನೊಳಗೆ ತನ್ನ ಹೆಸರಿಲ್ಲದ ಪುಸ್ತಕಗಳನ್ನು ಮಾತ್ರ ಒಂದು ಹೊಸ ಪುಸ್ತಕದಲ್ಲಿ ಬರೆದಿಡಿ, ಒಂದೂ ಬಿಡಬೇಡಿ” ಎನ್ನುತ್ತಾರೆ. ಚೆಕ್‌ರೋಲ್ ಬರೆಯಬೇಕು, ಸ್ಟಾಕ್ ಪುಸ್ತಕವನ್ನೂ ಬರೆಯಬೇಕು, ಅಲ್ಲಿಯವರೆಗೆ ತೊಡಕಿಲ್ಲ. ಆದರೆ ಈ ಹೊಸ ಪುಸ್ತಕದ ಹೆಸರು? ಬರೆದರೆ ಅದು ತನ್ನ ಹೆಸರುಳ್ಳ ಪುಸ್ತಕವಾಗುವುದರಿಂದ ಹೊಡೆದುಹಾಕಬೇಕು. ಹೊಡೆದುಹಾಕಿದರೆ ಹೆಸರಿಲ್ಲದ ಪುಸ್ತಕವಾಗುವುದರಿಂದ ಮತ್ತೆ ಬರೆಯಬೇಕು. ರೈಟರು ಪೆನ್ನು ಕೆಳಗಿಟ್ಟು, ಅಂಥ ಪುಸ್ತಕ ಆಗುವುದೇ ಇಲ್ಲ ಎಂದು ಎದ್ದುಹೋಗಬಹುದು. ಫ್ರೇಗೆಗೆ ಆ ಅನುಕೂಲ ಇರಲಿಲ್ಲ, ಏಕೆಂದರೆ ಅವರ ನಿಯಮದ ಪ್ರಕಾರ ಆ ಪುಸ್ತಕ, ಅಂದರೆ ತನ್ನೊಳಗೆ ತಾನಿಲ್ಲದ ಗಣಗಳೆಲ್ಲದರ ಗಣ, ಇರಲೇಬೇಕು.

ರಸೆಲ್ ಕಂಡುಕೊಂಡ ಪರಿಹಾರಕ್ಕೆ ಟೈಪ್ ಸಿದ್ಧಾಂತ ಎಂದು ಹೆಸರು. ವಸ್ತುಗಳು ನೆಲದಂತಸ್ತಿನಲ್ಲಿ, ವಸ್ತುಗಳ ಗಣಗಳು ಅದರ ಮೇಲೆ, ಆ ಗಣಗಳ ಗಣಗಳು ಇನ್ನೂ ಮೇಲೆ. ಒಂದು ಪುಸ್ತಕ ತನಗಿಂತ ಕೆಳಗಿನ ಅಂತಸ್ತಿನದನ್ನಷ್ಟೇ ಪಟ್ಟಿ ಮಾಡಬಹುದಾದ್ದರಿಂದ ‘ತನ್ನ ಹೆಸರು ತನ್ನಲ್ಲಿ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಈ ಕಟ್ಟುನಿಟ್ಟಿನಿಂದಾಗಿ ಸಾಮಾನ್ಯ ಗಣಿತವೂ ಉಸಿರುಗಟ್ಟಿದಾಗ, ಅದನ್ನು ಸಡಿಲಿಸಲು ಹೊಸ ಸ್ವಯಂಸಿದ್ಧಗಳನ್ನು, ಅಂದರೆ ಸಾಧಿಸದೆ ಒಪ್ಪಿಕೊಳ್ಳುವ ಮೂಲ ಹೇಳಿಕೆಗಳನ್ನು, ತರಬೇಕಾಯಿತು. ಅನಂತ ಸಂಖ್ಯೆಯ ವಸ್ತುಗಳಿವೆ ಎಂದೂ ಒಪ್ಪಿಕೊಳ್ಳಬೇಕಾಯಿತು. ಅದು ತರ್ಕವೇ ಎಂದು ಯಾರಾದರೂ ಕೇಳಿದರೆ, ಅಲ್ಲ ಎನ್ನುವುದೇ ನನಗೆ ಸರಿಯೆನಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ‘ಪ್ರಿನ್ಸಿಪಿಯ’ದ ಪ್ರಕಟಣೆಯಿಂದ 600 ಪೌಂಡ್ ನಷ್ಟವಾಗುವುದೆಂದು ಅಂದಾಜಿಸಿತ್ತು. 300 ಪೌಂಡನ್ನು ಅದೇ ಹೊತ್ತು, ರಾಯಲ್ ಸೊಸೈಟಿ 200 ಕೊಟ್ಟು, ಉಳಿದ 100 ಪೌಂಡನ್ನು ಲೇಖಕರಿಬ್ಬರೂ ಸಮನಾಗಿ ಕೈಯಿಂದ ಹಾಕಿದರು. ವೈಟ್‌ಹೆಡ್ ಬರೆಯಬೇಕಿದ್ದ ರೇಖಾಗಣಿತದ ನಾಲ್ಕನೆಯ ಸಂಪುಟ ಬರಲೇ ಇಲ್ಲ.

ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ 1931ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಈ ಗ್ರಂಥದ ಹೆಸರಿದೆ. ಇಂಥ ವ್ಯವಸ್ಥೆ ಒಳವಿರೋಧಗಳಿಂದ ಮುಕ್ತವಾಗಿದ್ದರೆ, ಅದರಲ್ಲಿ ಸಾಧಿಸಲೂ ಅಲ್ಲಗಳೆಯಲೂ ಆಗದ ವಾಕ್ಯಗಳು ಇದ್ದೇ ಇರುತ್ತವೆ ಎಂದು ಅವರು ತೋರಿಸಿದರು. ಪ್ರತಿ ಹೆಜ್ಜೆಯನ್ನೂ ಚಿಹ್ನೆಗಳಲ್ಲಿ ಬರೆದಿಡುವ ಪದ್ಧತಿಯನ್ನು ಈ ಗ್ರಂಥ ಅಷ್ಟು ಬಿಗಿಯಾಗಿ ಪಾಲಿಸದಿದ್ದರೆ ಗೋಡೆಲ್‌ಗೆ ಹಿಡಿಯಲು ಹಿಡಿಕೆಯೇ ಸಿಗುತ್ತಿರಲಿಲ್ಲ. ಅದೇ ಪದ್ಧತಿ 1956ರಲ್ಲಿ ಕಂಪ್ಯೂಟರಿಗೂ ಹೊಂದಿಕೊಂಡಿತು: ನ್ಯೂಯೆಲ್, ಶಾ ಮತ್ತು ಸೈಮನ್ ರಚಿಸಿದ ಪ್ರೋಗ್ರಾಂ ಗ್ರಂಥದ ಎರಡನೆಯ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು.

ಅಂತಸ್ತುಗಳ ಕಲ್ಪನೆಯನ್ನು ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಝೊ ಚರ್ಚ್ 1940ರಲ್ಲಿ ಸರಳಗೊಳಿಸಿದರು. ಅದರ ವಂಶದಲ್ಲೇ ಬಂದ ತಂತ್ರಾಂಶಗಳು ಇಂದು ಗಣಿತಜ್ಞರು ಪ್ರಮೇಯಗಳಿಗೆ ಕೊಡುವ ಸಾಧನೆಗಳನ್ನು (ಪ್ರೂಫ್‌ಗಳನ್ನು) ಸಾಲುಸಾಲಾಗಿ ಪರೀಕ್ಷಿಸುತ್ತವೆ. ಹಾಸನದ ಯಾವ ವಿದ್ಯಾರ್ಥಿಯಾದರೂ ಅವುಗಳಲ್ಲೊಂದಾದ ‘ಲೀನ್’ ಅನ್ನು ಉಚಿತವಾಗಿ ಇಳಿಸಿಕೊಂಡು, 1+1=2 ಎಂಬುದನ್ನು ಒಂದೇ ಸಾಲಿನಲ್ಲಿ ಒಪ್ಪಿಸಬಹುದು. ‘ಟೈಪ್’ ಎಂಬುದರದೇ ಟೈಪ್ ಯಾವುದೆಂದು ಕೇಳಿದರೆ ಅದು ‘ಟೈಪ್ 1’ ಎನ್ನುತ್ತದೆ. ಅದರದನ್ನು ಕೇಳಿದರೆ ‘ಟೈಪ್ 2’ ಎಂದು ಇನ್ನೊಂದು ಅಂತಸ್ತು ಮೇಲೇರುತ್ತದೆ.