ಕ್ಲಾಡ್ ರೇನ್ಸ್ ಅವರನ್ನು ಕೇಳುವುದು ಹೇಗೆ

ಹಳೆಯ ಹಾಲಿವುಡ್ ಚಿತ್ರಗಳನ್ನು ಅಭ್ಯಾಸಕ್ಕೆಂದು ಒಂದಾದ ಮೇಲೊಂದು ನೋಡುತ್ತ ಹೋದರೆ ಕೆಲವು ಮುಖಗಳು ಪದೇ ಪದೇ ಎದುರಾಗುತ್ತವೆ. ಶೀರ್ಷಿಕೆಯಲ್ಲಿ ಅವರ ಹೆಸರು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಒಂದರಲ್ಲಿ ವೈದ್ಯರು, ಇನ್ನೊಂದರಲ್ಲಿ ರಾಜಕಾರಣಿ, ಮತ್ತೊಂದರಲ್ಲಿ ಪೊಲೀಸ್ ಅಧಿಕಾರಿ. ನನಗೆ ಹೀಗೆ ಮೊದಲು ಗುರುತು ಸಿಕ್ಕವರು ಲಂಡನ್ನಿನ ಕ್ಲಾಡ್ ರೇನ್ಸ್. ಮುಖದಿಂದಲ್ಲ, ದನಿಯಿಂದ. ಅವರ ವೃತ್ತಿಜೀವನವನ್ನು ದನಿಯ ಎಳೆ ಹಿಡಿದೇ ಓದಬೇಕು ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಪರಿಭಾಷೆ. ನಾವು ಕನ್ನಡದಲ್ಲಿ 'ಪೋಷಕ ನಟ' ಎನ್ನುತ್ತೇವೆ. ಇಂಗ್ಲಿಷಿನವರು 'ಕ್ಯಾರೆಕ್ಟರ್ ಆಕ್ಟರ್' ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ನಮ್ಮ ಪದ ಕಥೆಯಲ್ಲಿ ಆತನಿಗಿರುವ ಸ್ಥಾನವನ್ನು ಹೇಳುತ್ತದೆ, ಅವರ ಪದ ಆತ ಕೆಲಸ ಮಾಡುವ ಬಗೆಯನ್ನು ಹೇಳುತ್ತದೆ: ತನ್ನನ್ನು ತಾನೇ ಮೆರೆಸದೆ, ಪ್ರತಿ ಸಲವೂ ಬೇರೊಬ್ಬ ಮನುಷ್ಯನಾಗಿ ಬರುವವನು. ಆದರೂ ನನಗೆ ನಮ್ಮ ಪದವೇ ಹೆಚ್ಚು ಇಷ್ಟ. ಪೋಷಿಸುವುದೆಂದರೆ ಉಣಿಸಿ ಬೆಳೆಸುವುದು. ರೇನ್ಸ್ ಎದುರಿಗೆ ನಿಂತ ನಾಯಕನ ಪಾತ್ರ ದೃಶ್ಯ ಮುಗಿಯುವಷ್ಟರಲ್ಲಿ ಒಂದು ಸುತ್ತು ಬೆಳೆದಿರುತ್ತದೆ.

ಹುಟ್ಟಿದ್ದು 1889ರ ನವೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಫ್ರೆಡ್ ರೇನ್ಸ್ ಕೂಡ ನಟರು, ಆದರೆ ಮನೆಯಲ್ಲಿ ಬಡತನ. ಪೂರ್ತಿ ಹೆಸರು ವಿಲಿಯಂ ಕ್ಲಾಡ್ ರೇನ್ಸ್. ಹುಡುಗನಿಗೆ 'ರ' ಅಕ್ಷರ ನಾಲಿಗೆಗೆ ಹೊರಳುತ್ತಿರಲಿಲ್ಲ. ತನ್ನ ಹೆಸರನ್ನೇ 'ವಿಲ್ಲಿ ವೇನ್ಸ್' ಎಂದು ಹೇಳಿಕೊಳ್ಳುತ್ತಿದ್ದ. ಅದರ ಮೇಲೆ ಲಂಡನ್ನಿನ ಶ್ರಮಿಕರ ಕೇರಿಗಳ ದಟ್ಟವಾದ ಕಾಕ್ನಿ ಉಚ್ಚಾರ. ಆ ಕಾಲದ ರಂಗಭೂಮಿಯಲ್ಲಿ ಇಂಥ ಮಾತುಗಾರನಿಗೆ ದೊಡ್ಡ ಪಾತ್ರ ಸಿಗುವುದು ಕನಸಿನ ಮಾತು.

ಹತ್ತರ ವಯಸ್ಸಿನಲ್ಲೇ ರಂಗಭೂಮಿಯ ನಂಟು ಬೆಳೆಯಿತು. ಮುಂದೆ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಕೆಲಸ ಸಿಕ್ಕಿತು. ಬಣ್ಣದ ಮನೆಯ ಬಾಗಿಲು ತಟ್ಟಿ 'ನಿಮ್ಮ ಸರದಿ ಬಂತು' ಎಂದು ನಟರನ್ನು ಕರೆಯುವ ಹುಡುಗನ ಕೆಲಸ. ಅಲ್ಲಿಂದ ಪ್ರಾಂಪ್ಟರ್, ಅಂದರೆ ಮಾತು ಮರೆತ ನಟರಿಗೆ ಮರೆಯಿಂದ ನೆನಪಿಸುವವನು, ಆಮೇಲೆ ರಂಗ ನಿರ್ವಾಹಕ. ಪ್ರಾಂಪ್ಟರ್ ಆಗಿದ್ದ ದಿನಗಳನ್ನು ನಾವು ಹಗುರಾಗಿ ದಾಟಬಾರದು. ರಾತ್ರಿಯ ಮೇಲೆ ರಾತ್ರಿ ತೆರೆಯ ಮರೆಯಲ್ಲಿ ನಿಂತು, ಪುಸ್ತಕದ ಮೇಲೆ ಬೆರಳಿಟ್ಟು, ದೊಡ್ಡ ನಟರು ಯಾವ ಪದದ ಮುಂದೆ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಬೇಕೆಂದೇ ತಡೆಯುತ್ತಾರೆ, ಎಲ್ಲಿ ನಿಜವಾಗಿ ಮಾತು ಮರೆತಿದ್ದಾರೆ ಎಂಬುದನ್ನು ಕಿವಿಯಲ್ಲೇ ಬೇರ್ಪಡಿಸಬೇಕಾದ ಕೆಲಸವದು. ಮಾತಿನ ನಡುವಿನ ಬಿಡುವನ್ನು ರೇನ್ಸ್ ಅಲ್ಲಿ ಕಲಿತರು ಎಂಬುದು ನನ್ನ ನಂಬಿಕೆ. ಆ ರಂಗಮಂದಿರದ ಒಡೆಯ ಸರ್ ಹರ್ಬರ್ಟ್ ಬೀರ್‌ಬೋಮ್ ಟ್ರೀ ಹುಡುಗನ ಕಸುವನ್ನು ಗುರುತಿಸಿ, ಉಚ್ಚಾರ ತಿದ್ದಿಕೊಳ್ಳಲು ತಮ್ಮ ಹಣದಿಂದಲೇ ಪಾಠ ಹೇಳಿಸಿದರು. ಮುಂದೆ ಜಗತ್ತು ಕೇಳಿದ ಆ ದನಿ ಹುಟ್ಟಿನಿಂದ ಬಂದದ್ದಲ್ಲ. ಒಂದೊಂದು ಅಕ್ಷರವನ್ನೂ ದುಡಿದು ಗಳಿಸಿದ್ದು. ಅದಕ್ಕೇ ಅವರ ಬಾಯಲ್ಲಿ ಯಾವ ಪದವೂ ಸುಮ್ಮನೆ ಜಾರಿ ಹೋಗುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಲಂಡನ್ ಸ್ಕಾಟಿಷ್ ದಳ ಸೇರಿದರು. ಫ್ರಾನ್ಸಿನ ವಿಮಿಯಲ್ಲಿ ವಿಷಾನಿಲದ ದಾಳಿಗೆ ಸಿಕ್ಕಿ ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಸಾಮಾನ್ಯ ಸಿಪಾಯಿಯಾಗಿ ಹೋದವರು ಕ್ಯಾಪ್ಟನ್ ಆಗಿ ಹಿಂದಿರುಗಿದರು. ಪರದೆಯ ಮೇಲೆ ಅವರು ಸಮವಸ್ತ್ರ ತೊಟ್ಟಾಗ ಅದು ಬಾಡಿಗೆಗೆ ತಂದ ಬಟ್ಟೆಯಂತೆ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಯುದ್ಧದ ನಂತರ ಲಂಡನ್ನಿನ ರಂಗಭೂಮಿಯಲ್ಲಿ ಹೆಸರು ಮಾಡಿ, ಟ್ರೀ ಅವರೇ ಸ್ಥಾಪಿಸಿದ್ದ ನಾಟಕ ಅಕಾಡೆಮಿಯಲ್ಲಿ ಪಾಠ ಹೇಳಿದರು. ಜಾನ್ ಗೀಲ್‌ಗುಡ್ ಮತ್ತು ಚಾರ್ಲ್ಸ್ ಲಾಟನ್ ಅವರ ಶಿಷ್ಯರು. ಮಾತೇ ಬಾರದ ಹುಡುಗ ಇಂಗ್ಲಿಷ್ ರಂಗಭೂಮಿಯ ಅತ್ಯಂತ ಮಧುರ ಕಂಠಗಳಲ್ಲಿ ಒಂದಾದ ಗೀಲ್‌ಗುಡ್ ಅವರಿಗೆ ಗುರುವಾದದ್ದು ನನಗೆ ಪ್ರತಿ ಸಲ ಓದಿದಾಗಲೂ ಮೈ ನವಿರೇಳಿಸುತ್ತದೆ.

1920ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ನಾಟಕಗಳಲ್ಲಿ ನೆಲೆಯಾದರು. ಸಿನಿಮಾದ ಬಾಗಿಲು ತೆರೆದದ್ದು 1933ರಲ್ಲಿ, ಎಚ್. ಜಿ. ವೆಲ್ಸ್ ಅವರ ಕಾದಂಬರಿಯನ್ನು ಆಧರಿಸಿ ಜೇಮ್ಸ್ ವೇಲ್ ನಿರ್ದೇಶಿಸಿದ 'ದಿ ಇನ್ವಿಸಿಬಲ್ ಮ್ಯಾನ್' ಚಿತ್ರದಿಂದ. ಆಗ ವಯಸ್ಸು ನಲವತ್ತನಾಲ್ಕರ ಆಸುಪಾಸು. ಇಡೀ ಚಿತ್ರದಲ್ಲಿ ಅವರು ಬ್ಯಾಂಡೇಜು ಸುತ್ತಿದ ತಲೆ, ಕಪ್ಪು ಕನ್ನಡಕ. ಇಲ್ಲದಿದ್ದರೆ ಏನೂ ಇಲ್ಲ, ಬರೀ ದನಿ. ಮುಖ ಕಾಣುವುದು ಕೊನೆಯಲ್ಲಿ, ಸಾವಿನ ಹಾಸಿಗೆಯ ಮೇಲೆ, ಕೆಲವೇ ಕ್ಷಣ. ನಟನೊಬ್ಬ ಮುಖವನ್ನೇ ತೋರದೆ ತಾರೆಯರ ಸಾಲಿಗೆ ಬಂದದ್ದು ಇಲ್ಲಿ. ಕಣ್ಣು ಮುಚ್ಚಿಕೊಂಡು ಈ ಚಿತ್ರದ ಒಂದು ಹತ್ತು ನಿಮಿಷ ಕೇಳಿ. ಹಳ್ಳಿಯ ವಸತಿಗೃಹದವರ ಮೇಲೆ ರೇಗುವಾಗ ಇರುವ ಬಿರುಸು, ಪ್ರೇಯಸಿಯ ಮುಂದೆ ಇಳಿಯುವ ಮೆದುತನ, ಮತ್ತೆ ಅಧಿಕಾರದ ಹುಚ್ಚು ತಲೆಗೇರಿದಾಗ ಏರುವ ನಗು, ಮೂರೂ ಒಬ್ಬನೇ ಮನುಷ್ಯನವು ಎಂದು ನಂಬಿಸಲು ಅವರಿಗೆ ಬೇರೆ ಯಾವ ಸಾಧನವೂ ಇರಲಿಲ್ಲ.

ಆ ದಶಕದ ನಡುವಿನಿಂದ ವಾರ್ನರ್ ಬ್ರದರ್ಸ್ ಜೊತೆ ಕರಾರು. ಸ್ಟುಡಿಯೋ ಪದ್ಧತಿಯಲ್ಲಿ ಕರಾರಿನ ನಟರು ಒಂದರ ಹಿಂದೆ ಒಂದು ಚಿತ್ರ ಮಾಡುತ್ತಿದ್ದರು, ಬೇರೆ ಕಂಪನಿಗಳಿಗೂ ಎರವಲು ಹೋಗುತ್ತಿದ್ದರು. 1942ನೇ ಇಸವಿಯನ್ನೇ ನೋಡಿ: 'ಕಿಂಗ್ಸ್ ರೋ' ಚಿತ್ರದಲ್ಲಿ ಗುಟ್ಟು ಬಚ್ಚಿಟ್ಟುಕೊಂಡ ವೈದ್ಯ, 'ನೌ, ವಾಯೇಜರ್' ಚಿತ್ರದಲ್ಲಿ ಮನಸ್ಸಿನ ಗಾಯ ಮಾಯಿಸುವ ವೈದ್ಯ, ವರ್ಷದ ಕೊನೆಗೆ 'ಕಾಸಾಬ್ಲಾಂಕಾ'. ಇಬ್ಬರು ವೈದ್ಯರನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಕಾಸಾಬ್ಲಾಂಕಾದ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ರೆನೋ ಎಲ್ಲರಿಗೂ ಗೊತ್ತು. ನಾನು ಒಂದೇ ಕ್ಷಣದ ಮೇಲೆ ನಿಲ್ಲುತ್ತೇನೆ. ಜರ್ಮನ್ ಮೇಜರನ ಒತ್ತಡಕ್ಕೆ ರೆನೋ ಕಥಾನಾಯಕ ರಿಕ್‌ನ ಹೋಟೆಲನ್ನು ಮುಚ್ಚಿಸುತ್ತಾನೆ. ಕಾರಣ ಕೇಳಿದರೆ, ಇಲ್ಲಿ ಜೂಜು ನಡೆಯುತ್ತಿರುವುದು ತಿಳಿದು ಆಘಾತವಾಗಿದೆ ಎನ್ನುತ್ತಾನೆ. ಅಷ್ಟರಲ್ಲಿ ಜೂಜಿನ ಮೇಜಿನವನು ಬಂದು ಅವನು ಗೆದ್ದ ಹಣವನ್ನು ಅವನ ಕೈಗೇ ಇಡುತ್ತಾನೆ. ರೇನ್ಸ್ ಇಲ್ಲಿ ಗಾಬರಿ ಬೀಳುವುದಿಲ್ಲ, ಪ್ರೇಕ್ಷಕರ ಕಡೆ ಕಣ್ಣು ಮಿಟುಕಿಸುವುದೂ ಇಲ್ಲ. ದನಿ ತಗ್ಗಿಸಿ, ಬಹಳ ಸೌಜನ್ಯದಿಂದ ಧನ್ಯವಾದ ಹೇಳಿ, ಮರುಕ್ಷಣವೇ ಅದೇ ಅಧಿಕಾರದ ದನಿಗೆ ಏರಿ ಎಲ್ಲರನ್ನೂ ಹೊರಗೆ ಕಳುಹಿಸುತ್ತಾರೆ. ಎತ್ತರ, ತಗ್ಗು, ಎತ್ತರ. ಹಾಸ್ಯವೆಲ್ಲ ಆ ತಗ್ಗಿನಲ್ಲಿದೆ. ಬೇರೆ ನಟರಾಗಿದ್ದರೆ ಧನ್ಯವಾದವನ್ನೂ ಎತ್ತರದಲ್ಲೇ ಹೇಳಿ ನಗು ಗಿಟ್ಟಿಸುತ್ತಿದ್ದರು. ಆಗ ರೆನೋ ಕೇವಲ ಕೋಡಂಗಿಯಾಗುತ್ತಿದ್ದ, ಕೊನೆಯ ದೃಶ್ಯದಲ್ಲಿ ಅವನು ರಿಕ್‌ನ ಪಕ್ಕಕ್ಕೆ ಸರಿಯುವುದನ್ನು ನಾವು ನಂಬುತ್ತಿರಲಿಲ್ಲ.

ಪೋಷಕ ನಟನ ಆಸ್ಕರ್‌ಗೆ ನಾಲ್ಕು ಸಲ ನಾಮನಿರ್ದೇಶನ: 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್', 'ಕಾಸಾಬ್ಲಾಂಕಾ', 'ಮಿಸ್ಟರ್ ಸ್ಕೆಫಿಂಗ್ಟನ್', 'ನಟೋರಿಯಸ್'. ಒಮ್ಮೆಯೂ ಬರಲಿಲ್ಲ. ಇದನ್ನು ಅನ್ಯಾಯ ಎಂದೇ ನಾನು ಕರೆಯುತ್ತೇನೆ. ಮೊದಲನೆಯದರಲ್ಲಿ ಅವರು ಸೆನೆಟರ್ ಪೇನ್, ಒಂದು ಕಾಲಕ್ಕೆ ಆದರ್ಶವಾದಿಯಾಗಿದ್ದು ಈಗ ಮಾರಾಟವಾದ ಮನುಷ್ಯ. ತನ್ನ ಹಳೆಯ ಸ್ನೇಹಿತನ ಮಗನನ್ನು ಸುಳ್ಳು ಆರೋಪ ಹೊರಿಸಿ ಮುಗಿಸಬೇಕು. ಆ ಮಗನ ಪಾತ್ರದ ಜೇಮ್ಸ್ ಸ್ಟೂವರ್ಟ್ ಸೆನೆಟ್ಟಿನಲ್ಲಿ ದನಿ ಒಡೆಯುವವರೆಗೆ ಮಾತಾಡುತ್ತಾರೆ. ನೀವು ಆಗ ಕುಳಿತು ಕೇಳುತ್ತಿರುವ ರೇನ್ಸ್ ಅವರನ್ನು ನೋಡಿ. ಕೇಳುವುದೂ ನಟನೆಯೇ.

ರಂಗಭೂಮಿಯನ್ನು ಅವರು ಬಿಡಲಿಲ್ಲ. 1951ರಲ್ಲಿ 'ಡಾರ್ಕ್‌ನೆಸ್ ಅಟ್ ನೂನ್' ನಾಟಕದ ಅಭಿನಯಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. 1962ರ 'ಲಾರೆನ್ಸ್ ಆಫ್ ಅರೇಬಿಯಾ'ದ ಡ್ರೈಡನ್, 1965ರಲ್ಲಿ ತೆರೆಕಂಡ ಕೊನೆಯ ಚಿತ್ರದ ಹೆರೋದ್ ಅರಸ. 1967ರ ಮೇ 30ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ತೀರಿಕೊಂಡರು.

'ನಟೋರಿಯಸ್' ಚಿತ್ರವನ್ನು ಕಡೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಇಲ್ಲಿ ದನಿಯೇ ಸೋಲುತ್ತದೆ. ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶನ, 1946. ರೇನ್ಸ್ ಅವರದು ಬ್ರೆಜಿಲ್‌ನಲ್ಲಿ ಅಡಗಿರುವ ನಾಜಿ ಗುಂಪಿನ ಸೆಬಾಸ್ಟಿಯನ್ ಎಂಬವನ ಪಾತ್ರ. ಇಂಗ್ರಿಡ್ ಬರ್ಗ್‌ಮನ್ ಪಾತ್ರವಾದ ಅಲೀಸಿಯಾ ಬೇಹುಗಾರಿಕೆಗಾಗಿಯೇ ಅವನನ್ನು ಮದುವೆಯಾಗುತ್ತಾಳೆ. ಬರ್ಗ್‌ಮನ್ ರೇನ್ಸ್‌ಗಿಂತ ಎತ್ತರ, ವಯಸ್ಸಿನಲ್ಲಿ ಬಹಳ ಚಿಕ್ಕವರು. ಚಿತ್ರ ಆ ಅಂತರವನ್ನೇ ನೋವಾಗಿ ಮಾಡಿಕೊಂಡಿದೆ. ಇವನು ಖಳ, ಆದರೆ ಅವಳನ್ನು ಮನಸಾರೆ ಪ್ರೀತಿಸಿದವನು. ಮೋಸ ತಿಳಿದ ಬೆಳಗಿನ ಜಾವ ತಾಯಿಯ ಕೋಣೆಗೆ ಹೋಗಿ, ತಾನು ಮದುವೆಯಾಗಿರುವುದು ಅಮೆರಿಕದ ಗೂಢಚಾರಿಣಿಯನ್ನು ಎಂದು ಹೇಳುತ್ತಾನೆ. ತಾಯಿಯ ಪಾತ್ರ ಮಾಡಿದ ಲಿಯೋಪೋಲ್ಡೀನ್ ಕಾನ್‌ಸ್ಟಾಂಟಿನ್ ವಾಸ್ತವದಲ್ಲಿ ರೇನ್ಸ್‌ಗಿಂತ ಕೇವಲ ಮೂರು ವರ್ಷ ದೊಡ್ಡವರು. ಆದರೂ ಆ ಹಾಸಿಗೆಯ ಬಳಿ ರೇನ್ಸ್ ಕುಸಿದು ಕುಳಿತಾಗ ನಮಗೆ ಕಾಣುವುದು ಮನೆಗೆ ಸೋತು ಬಂದ ಚಿಕ್ಕ ಹುಡುಗ.

ಈಗ ಅಭ್ಯಾಸ. ಚಿತ್ರದ ಕೊನೆಯ ಕೆಲವು ನಿಮಿಷಗಳನ್ನು ಎರಡು ಸಲ ನೋಡಿ, ಎರಡನೆಯ ಸಲ ಶಬ್ದ ನಿಲ್ಲಿಸಿ. ತಾಯಿ-ಮಗ ಕೊಟ್ಟ ವಿಷವುಂಡು ನಿತ್ರಾಣಳಾದ ಅಲೀಸಿಯಾಳನ್ನು ಅಮೆರಿಕದ ಗೂಢಚಾರನ ಪಾತ್ರದ ಕ್ಯಾರಿ ಗ್ರಾಂಟ್ ಮೆಟ್ಟಿಲಿಳಿಸಿಕೊಂಡು ಬರುತ್ತಾರೆ. ಕೆಳಗೆ ಗುಂಪಿನವರು ನೋಡುತ್ತಿದ್ದಾರೆ, ಹೆಂಡತಿ ಗೂಢಚಾರಿಣಿಯೆಂದು ಅವರಿಗೆ ತಿಳಿದರೆ ಇವನನ್ನು ಉಳಿಸುವುದಿಲ್ಲ. ಸೆಬಾಸ್ಟಿಯನ್ ಬಾಯಿಬಿಟ್ಟರೂ ಕೆಟ್ಟ, ಬಿಡದಿದ್ದರೂ ಕೆಟ್ಟ. ಕಾರಿನ ತನಕ ಬಂದು ತನ್ನನ್ನೂ ಕರೆದುಕೊಂಡು ಹೋಗುವಂತೆ ಅಂಗಲಾಚುತ್ತಾನೆ. ಕಾರಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆ, ಕಾರು ಹೊರಟುಹೋಗುತ್ತದೆ. ಹಿಂದಿನಿಂದ ಗುಂಪಿನವನೊಬ್ಬ ಒಳಗೆ ಬರುವಂತೆ ಕರೆಯುತ್ತಾನೆ. ಇನ್ನು ರೇನ್ಸ್‌ಗೆ ಒಂದೂ ಮಾತಿಲ್ಲ. ಅವರು ತಿರುಗುತ್ತಾರೆ, ಓಡುವುದಿಲ್ಲ, ಬೆನ್ನನ್ನು ಕ್ಯಾಮೆರಾಕ್ಕೆ ಕೊಟ್ಟು ಮೆಟ್ಟಿಲು ಹತ್ತುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ.