ಕಸವೆಂದು ಕಾಣದ ಕಸ

ಸೋಮವಾರ ಬೆಳಿಗ್ಗೆ ಚಾಲೂ ಮಾಡಿದ, ಜಾವಾ ಭಾಷೆಯಲ್ಲಿ ಬರೆದ ಸರ್ವರ್ ಪ್ರೋಗ್ರಾಂ ಗುರುವಾರದ ಹೊತ್ತಿಗೆ ಏದುಸಿರು ಬಿಡತೊಡಗುತ್ತದೆ. ಶುಕ್ರವಾರ ಸಂಜೆ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ ಎರರ್’ ಎಂಬ ಸಾಲೊಂದನ್ನು ಬರೆದು ನಿಂತೇಹೋಗುತ್ತದೆ. ಯಾರೋ ರೀಸ್ಟಾರ್ಟ್ ಮಾಡುತ್ತಾರೆ. ಮತ್ತೊಂದು ವಾರ ಎಲ್ಲವೂ ಸುಸೂತ್ರ. ಕೆಲವು ಕಡೆಗಳಲ್ಲಿ ಪ್ರತಿ ರಾತ್ರಿ ಮೂರು ಗಂಟೆಗೆ ತಾನಾಗಿಯೇ ರೀಸ್ಟಾರ್ಟ್ ಆಗುವ ಏರ್ಪಾಡನ್ನೇ ಮಾಡಿಟ್ಟಿರುತ್ತಾರೆ. ಸೋರುವ ಮಾಳಿಗೆಯ ಕೆಳಗೆ ಪಾತ್ರೆಯಿಟ್ಟು ದಿನವೂ ಚೆಲ್ಲುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಜಾವಾದಲ್ಲಿ ಮೆಮೊರಿ ಸೋರುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜವೇ. ಸಿ ಭಾಷೆಯಲ್ಲಿ ಬರೆಯುವವರು ತಾವು ಪಡೆದ ಮೆಮೊರಿಯನ್ನು ತಾವೇ ಹಿಂದಿರುಗಿಸಬೇಕು. ಜಾವಾದಲ್ಲಿ ಆ ಕೆಲಸಕ್ಕೆಂದೇ ಗಾರ್ಬೇಜ್ ಕಲೆಕ್ಟರ್ ಇದೆ. 1959ರ ಸುಮಾರಿಗೆ ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ ರೂಪಿಸಿದ ಈ ಉಪಾಯದ ತಿರುಳು ಸರಳವಾದದ್ದು. ಪ್ರೋಗ್ರಾಂ ಆ ಕ್ಷಣದಲ್ಲಿ ಹಿಡಿದುಕೊಂಡಿರುವ ಕೆಲವು ಬೇರುಗಳಿಂದ, ಅಂದರೆ ನಡೆಯುತ್ತಿರುವ ಥ್ರೆಡ್‌ಗಳ (ಏಕಕಾಲದಲ್ಲಿ ಸಾಗುವ ಕೆಲಸದ ಎಳೆಗಳ) ವೇರಿಯಬಲ್‌ಗಳು, ಸ್ಟ್ಯಾಟಿಕ್ ಫೀಲ್ಡ್‌ಗಳು ಮೊದಲಾದವುಗಳಿಂದ ಹೊರಟು, ಒಂದು ಆಬ್ಜೆಕ್ಟ್‌ನಿಂದ (ಮೆಮೊರಿಯಲ್ಲಿರುವ ಮಾಹಿತಿಯ ಗಂಟಿನಿಂದ) ಇನ್ನೊಂದಕ್ಕೆ ದಾಟುತ್ತ ತಲುಪಲು ಸಾಧ್ಯವಿರುವುದೆಲ್ಲ ಉಳಿಯಬೇಕಾದದ್ದು, ತಲುಪಲಾಗದ್ದು ಕಸ. ಈ ಆಬ್ಜೆಕ್ಟ್ ಇನ್ನು ಮುಂದೆ ಬೇಕೇ ಬೇಡವೇ ಎಂಬುದನ್ನು ಕಲೆಕ್ಟರ್ ತಿಳಿಯಲಾರದು. ಆದ್ದರಿಂದ ಜಾವಾದಲ್ಲಿ ಸೋರಿಕೆಯೆಂದರೆ ಯಾರೂ ಬಳಸದ, ಆದರೆ ಯಾರೋ ಇನ್ನೂ ಕೈಬಿಡದ ವಸ್ತುಗಳ ರಾಶಿ. ತಪಾಸಣೆಯ ನಿಜವಾದ ಪ್ರಶ್ನೆ ‘ಏನು ತುಂಬಿದೆ’ ಎಂಬುದಲ್ಲ, ‘ಯಾರು ಹಿಡಿದಿಟ್ಟಿದ್ದಾರೆ’ ಎಂಬುದು.

ಅದಕ್ಕೂ ಮೊದಲು ಸೋರಿಕೆ ಇದೆಯೆಂದೇ ಖಚಿತವಾಗಬೇಕು. ಆಬ್ಜೆಕ್ಟ್‌ಗಳೆಲ್ಲ ಇರುವ ಮೆಮೊರಿಯ ಭಾಗವಾದ ಹೀಪ್‌ನ ಬಳಕೆಯನ್ನು ಗ್ರಾಫ್‌ನಲ್ಲಿ ನೋಡಿದರೆ ಅದು ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿರುತ್ತದೆ. ಶಿಖರಗಳನ್ನು ನೋಡಿ ಗಾಬರಿಯಾಗಬೇಕಿಲ್ಲ. ಕೆರೆಯಲ್ಲಿ ಹೂಳು ಎಷ್ಟು ತುಂಬಿದೆಯೆಂಬುದು ಮಳೆಗಾಲದಲ್ಲಿ ಕಾಣುವುದಿಲ್ಲ, ನೀರು ಇಂಗಿದ ಮೇಲೆ ಕಾಣುತ್ತದೆ. ಹಾಗೆಯೇ ಇಡೀ ಹೀಪನ್ನು ಗುಡಿಸುವ ಫುಲ್ ಜಿಸಿ (ಪೂರ್ಣ ಗಾರ್ಬೇಜ್ ಕಲೆಕ್ಷನ್) ಮುಗಿದ ಮೇಲೆ ಉಳಿಯುವ ತಳದ ಮಟ್ಟವನ್ನು ಗಮನಿಸಬೇಕು. ಆ ತಳ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಹೂಳು ತುಂಬುತ್ತಿದೆಯೆಂದೇ ಅರ್ಥ. ಜಾವಾದ ಸಲಕರಣೆಗಳ ಕಟ್ಟಾದ ಜೆಡಿಕೆ ಜೊತೆಗೇ ಬರುವ ಜೆಸ್ಟ್ಯಾಟ್ ಎಂಬ ಉಪಕರಣ ಅಥವಾ ಜಿಸಿ ಲಾಗ್ ಇದಕ್ಕೆ ಸಾಕು. ತಳ ಒಂದೇ ಮಟ್ಟದಲ್ಲಿದ್ದೂ ಮೆಮೊರಿ ಸಾಲದಿದ್ದರೆ, ಕೊಟ್ಟ ಹೀಪ್ ಚಿಕ್ಕದೆಂದಷ್ಟೇ ಅರ್ಥ. ಅಲ್ಲಿ ಪತ್ತೇದಾರಿಕೆಯ ಅಗತ್ಯವಿಲ್ಲ.

ಬಸ್ ಸೀಟು ಕಾಯ್ದಿರಿಸುವ ಪ್ರೋಗ್ರಾಂ ಒಂದರಲ್ಲಿ ಈ ತಳ ಏರುತ್ತಿದ್ದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೀಪ್‌ನ ಮಿತಿ 4 ಜಿಬಿ ಇತ್ತು. ಜೆಡಿಕೆಯ ಇನ್ನೊಂದು ಉಪಕರಣವಾದ ಜೆಮ್ಯಾಪ್ ಮೂಲಕ ಪಡೆದ, ಆಬ್ಜೆಕ್ಟ್‌ಗಳ ಬಗೆಯ ಪ್ರಕಾರದ, ಅಂದರೆ ಕ್ಲಾಸ್‌ವಾರು ಎಣಿಕೆಯಲ್ಲಿ ಎಂದಿನಂತೆ ಬೈಟ್ ಅರೇಗಳೂ (ಬೈಟ್‌ಗಳ ಸಾಲುಗಳು) ಸ್ಟ್ರಿಂಗ್‌ಗಳೂ (ಅಕ್ಷರಗಳ ಸಾಲುಗಳು) ಮೊದಲ ಸಾಲಿನಲ್ಲಿದ್ದವು. ಇದು, ಮನೆಯಲ್ಲಿ ಏನಿದೆ ಎಂದು ಕೇಳಿದರೆ ಇಟ್ಟಿಗೆ ಎಂದು ಉತ್ತರಿಸಿದಂತೆ. ಆದ್ದರಿಂದ ಹೀಪ್ ಡಂಪ್, ಅಂದರೆ ಇಡೀ ಹೀಪನ್ನು ಫೈಲಿಗೆ ಇಳಿಸಿದ ನಕಲು, ತೆಗೆಯಬೇಕಾಯಿತು. ಡಂಪ್ ಬರೆಯುವಷ್ಟು ಹೊತ್ತು ಪ್ರೋಗ್ರಾಂ ಸ್ತಬ್ಧವಾಗುತ್ತದೆ, ಮೆಮೊರಿಯಲ್ಲಿರುವ ಪಾಸ್‌ವರ್ಡ್, ಫೋನ್ ನಂಬರ್‌ಗಳೆಲ್ಲ ಆ ಫೈಲಿಗೆ ಇಳಿಯುತ್ತವೆ. ಅದನ್ನು ಕಂಡಕಂಡವರಿಗೆ ಇಮೇಲ್ ಮಾಡುವುದು ಸಲ್ಲದು.

ಡಂಪನ್ನು ಎಕ್ಲಿಪ್ಸ್ ಮೆಮೊರಿ ಅನಲೈಜರ್ ಎಂಬ ಉಪಕರಣದಲ್ಲಿ ತೆರೆದಾಗ ಪ್ರತಿ ಆಬ್ಜೆಕ್ಟ್‌ಗೂ ಎರಡು ಅಳತೆಗಳು ಕಾಣುತ್ತವೆ. ಒಂದು ಅದರ ಸ್ವಂತ ಗಾತ್ರ; ಇನ್ನೊಂದು, ಅದೊಂದು ಹೋದರೆ ಅದರೊಂದಿಗೆ ಬಿಡುಗಡೆಯಾಗುವ ಎಲ್ಲದರ ಒಟ್ಟು ಗಾತ್ರ. ನಮ್ಮ ಅಪರಾಧಿಯ ಸ್ವಂತ ಗಾತ್ರ ಬರೀ 48 ಬೈಟ್, ಒಂದು ಸಾಮಾನ್ಯ ಹ್ಯಾಶ್‌ಮ್ಯಾಪ್. ಅದು ಹಿಡಿದಿಟ್ಟಿದ್ದುದು ಸುಮಾರು 3 ಜಿಬಿ. ಮ್ಯಾಪ್‌ನ ಹೆಸರಿನ ಪ್ರಕಾರ ಅದರಲ್ಲಿ ಹಣ ಪಾವತಿಯಾಗದ, ಬಾಕಿ ಬುಕಿಂಗ್‌ಗಳು ಇರಬೇಕಿತ್ತು. ಒಂದೊಂದನ್ನೇ ಬಿಡಿಸಿ ನೋಡಿದರೆ ಬಹುಪಾಲು ಎಲ್ಲವೂ ಹಣ ಪಾವತಿಯಾದವೇ.

ಹ್ಯಾಶ್‌ಮ್ಯಾಪ್ ಕೆಲಸ ಮಾಡುವುದು ಅಂಚೆ ಕಚೇರಿಯ ಗೂಡುಗಳಂತೆ. ಕೀಲಿಯಾಗಿ ಕೊಟ್ಟ ಆಬ್ಜೆಕ್ಟ್‌ನಿಂದ ಹ್ಯಾಶ್ ಎಂಬ ಸಂಖ್ಯೆಯನ್ನು ಲೆಕ್ಕಹಾಕಿ, ಆ ಸಂಖ್ಯೆಯ ಪ್ರಕಾರ ಗೂಡನ್ನು ಆರಿಸುತ್ತದೆ. ಇಲ್ಲಿ ಬುಕಿಂಗ್ ಆಬ್ಜೆಕ್ಟೇ ಕೀಲಿಯಾಗಿತ್ತು, ಮತ್ತು ಹ್ಯಾಶ್‌ನ ಲೆಕ್ಕದಲ್ಲಿ ಬುಕಿಂಗ್‌ನ ಸ್ಥಿತಿಯೂ ಸೇರಿತ್ತು. ಹಣ ಬಂದೊಡನೆ ಪ್ರೋಗ್ರಾಂ ಮೊದಲು ಸ್ಥಿತಿಯನ್ನು ‘ಪಾವತಿಯಾಗಿದೆ’ ಎಂದು ಬದಲಿಸುತ್ತಿತ್ತು, ನಂತರ ಮ್ಯಾಪ್‌ನಿಂದ ತೆಗೆಯಲು ಹೋಗುತ್ತಿತ್ತು. ಗೂಡಿಗೆ ಹಾಕಿದ ಮೇಲೆ ಲಕೋಟೆಯ ಮೇಲಿನ ಪಿನ್‌ಕೋಡ್ ತಿದ್ದಿದರೆ ಹುಡುಕುವವನು ಹೊಸ ಗೂಡಿಗೆ ಹೋಗುತ್ತಾನೆ, ಲಕೋಟೆ ಹಳೆಯ ಗೂಡಿನಲ್ಲೇ ಕೂತಿರುತ್ತದೆ. ಸಿಗದಿದ್ದರೆ ಹ್ಯಾಶ್‌ಮ್ಯಾಪ್ ದೂರನ್ನೂ ಹೇಳುವುದಿಲ್ಲ, ‘ನಲ್’ ಎಂದು ಉತ್ತರಿಸಿ ಸುಮ್ಮನಾಗುತ್ತದೆ. ಬದಲಾಗದ ಬುಕಿಂಗ್ ಸಂಖ್ಯೆಯೊಂದರಿಂದಲೇ ಹ್ಯಾಶ್ ಲೆಕ್ಕಹಾಕುವಂತೆ ಎರಡು ಸಾಲು ತಿದ್ದಿದ ಮೇಲೆ ತಳದ ಗೆರೆ ಮಟ್ಟಸವಾಯಿತು.

ಎಲ್ಲ ಬಾರಿಯೂ ತಪ್ಪು ನಮ್ಮ ಕೋಡಿನದೇ ಎನ್ನುವಂತಿಲ್ಲ. 2012ರಲ್ಲಿ ಬಂದ ಜಾವಾ 7ರ ಆರನೇ ಅಪ್‌ಡೇಟ್‌ಗೆ ಮೊದಲು, ಉದ್ದನೆಯ ಸ್ಟ್ರಿಂಗ್‌ನಿಂದ ಹತ್ತು ಅಕ್ಷರಗಳ ತುಣುಕನ್ನು ಸಬ್‌ಸ್ಟ್ರಿಂಗ್ ಮೂಲಕ ಪಡೆದರೆ, ಆ ತುಣುಕು ಮೂಲದ ಅಕ್ಷರಗಳ ಇಡೀ ಅರೇಯನ್ನೇ ಹಂಚಿಕೊಳ್ಳುತ್ತಿತ್ತು. ನಕಲು ಮಾಡುವ ಖರ್ಚು ಉಳಿಸಲು ಮಾಡಿದ ಜಾಣತನವದು. ಆದರೆ ತುಣುಕು ಇರುವವರೆಗೆ ಇಡೀ ಅರೇಗೂ ಮುಕ್ತಿಯಿರಲಿಲ್ಲ.

ಕೆಲವೊಮ್ಮೆ ಹೀಪ್‌ನ ತಳ ನಿಶ್ಚಲವಾಗಿರುತ್ತದೆ, ಪ್ರೊಸೆಸ್ (ಓಡುತ್ತಿರುವ ಇಡೀ ಪ್ರೋಗ್ರಾಂ) ಮಾತ್ರ ಉಬ್ಬುತ್ತಲೇ ಇರುತ್ತದೆ. ಕೊನೆಗೆ, ಪ್ರೋಗ್ರಾಂ ಓಡುವ ಪ್ರತ್ಯೇಕ ಆವರಣವಾದ ಕಂಟೇನರ್ 137 ಎಂಬ ಎಕ್ಸಿಟ್ ಕೋಡ್ ಕೊಟ್ಟು ಸಾಯುತ್ತದೆ, ಜಾವಾ ಲಾಗ್‌ನಲ್ಲಿ ಒಂದಕ್ಷರವೂ ಇರುವುದಿಲ್ಲ. ಮೆಮೊರಿಯ ಮಿತಿ ಮೀರಿತೆಂದು ಕೊಂದದ್ದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್. ಥ್ರೆಡ್‌ಗಳ ಸ್ಟ್ಯಾಕ್, ಡೈರೆಕ್ಟ್ ಬಫರ್‌ಗಳು, ಜಾವಾ 8ರಿಂದ ಕ್ಲಾಸ್‌ಗಳ ವಿವರ ಇರಿಸುವ ಮೆಟಾಸ್ಪೇಸ್, ಇವೆಲ್ಲ ಹೀಪ್‌ನ ಹೊರಗಿವೆ. ಇಲ್ಲಿ ಹೀಪ್ ಡಂಪ್ ಹೆಚ್ಚಿನದೇನನ್ನೂ ಹೇಳದು. ಈ ಲೆಕ್ಕ ಇಡಲು, ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಜೆವಿಎಂನಲ್ಲಿ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಎಂಬ ವ್ಯವಸ್ಥೆಯಿದೆ. ಅದು ಶೇ. 5ರಿಂದ 10ರಷ್ಟು ವೇಗವನ್ನು ತಿನ್ನಬಹುದೆಂದು ಒರಾಕಲ್‌ನ ಕೈಪಿಡಿಯೇ ಹೇಳುತ್ತದೆ. ಅದಲ್ಲದೆ ಅದನ್ನು ಪ್ರೋಗ್ರಾಂ ಆರಂಭಿಸುವಾಗಲೇ ಚಾಲೂ ಮಾಡಿರಬೇಕು. ಮಾಡಿರದಿದ್ದರೆ, ರೀಸ್ಟಾರ್ಟ್ ಏಕೆ ಬೇಕಾಗುತ್ತಿದೆಯೆಂದು ತಿಳಿಯಲು ಮತ್ತೊಮ್ಮೆ ರೀಸ್ಟಾರ್ಟ್ ಮಾಡಲೇಬೇಕು.