ನಾಯಿಯ ವಯಸ್ಸು: ಏಳರ ಮಗ್ಗಿ ಯಾಕೆ ಕೈಕೊಡುತ್ತದೆ?

ನಾಯಿಯ ಒಂದು ವರ್ಷ ಅಂದ್ರೆ ಮನುಷ್ಯರ ಏಳು ವರ್ಷ. ಈ ಮಾತು ಎಲ್ಲರ ಬಾಯಲ್ಲೂ ಇದೆ. ಮನುಷ್ಯ ಬಾಳುವುದು 70 ವರ್ಷ, ನಾಯಿ 10 ವರ್ಷ ಅಂತ ಇಟ್ಟುಕೊಂಡು ಭಾಗಿಸಿದರೆ ಏಳು ಬರುತ್ತದೆ, ಅಷ್ಟೇ. ಇದನ್ನು ಎರಡೂ ತುದಿಗಳಲ್ಲಿ ಒರೆಗೆ ಹಚ್ಚಿ ನೋಡಿ. ಒಂದು ವರ್ಷದ ಹೆಣ್ಣುನಾಯಿ ಮರಿ ಹಾಕಬಲ್ಲದು. ಏಳು ವರ್ಷದ ಹುಡುಗಿ ಇನ್ನೂ ಎರಡನೇ ಕ್ಲಾಸು, ಮುಂದಿನ ಹಲ್ಲು ಬಿದ್ದು ಬೊಚ್ಚುಬಾಯಿ. ಆ ಕಡೆ 15 ವರ್ಷದ ನಾಯಿ ಹುಡುಕಿದರೆ ಸಿಗುತ್ತದೆ. 105 ವರ್ಷದ ಅಜ್ಜ ಎಷ್ಟು ಜನ ಸಿಗುತ್ತಾರೆ?

ಏಳರ ಬದಲು ಆರು, ಎಂಟು ಅಂತ ಹಾಕಿದರೂ ಲೆಕ್ಕ ಕೂಡುವುದಿಲ್ಲ. ನಾಯಿ ಮೊದಲ ಎರಡು ವರ್ಷ ಓಡುತ್ತದೆ, ಆಮೇಲೆ ನಡೆಯುತ್ತದೆ. ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಇದನ್ನೇ ಹಿಡಿಯುತ್ತದೆ: ಮಧ್ಯಮ ಗಾತ್ರದ ನಾಯಿಗೆ ಮೊದಲ ವರ್ಷಕ್ಕೆ 15, ಎರಡನೆಯದಕ್ಕೆ ಇನ್ನೊಂದು 9, ಅಲ್ಲಿಂದ ವರ್ಷಕ್ಕೆ ನಾಲ್ಕೋ ಐದೋ.

ಮೊದಲು ಬಾಯಿ ನೋಡಿ

ಮರಿಯ ಓಟ ಎಷ್ಟು ಜೋರು ಅಂತ ಹಲ್ಲಿನಲ್ಲೇ ಕಾಣುತ್ತದೆ. ಕಣ್ಣು ಬಿಡುವುದು ಹುಟ್ಟಿದ ಸುಮಾರು ಎರಡು ವಾರಕ್ಕೆ. ಮೂರನೇ ವಾರದ ಹೊತ್ತಿಗೆ ಹಾಲುಹಲ್ಲು ಇಣುಕುತ್ತವೆ. ಒಟ್ಟು 28, ಸೂಜಿಯಷ್ಟು ಚೂಪು. ನಾಲ್ಕು ತಿಂಗಳ ಆಸುಪಾಸಿನಲ್ಲಿ ಮುಂದಿನ ಹಲ್ಲು ಬೀಳಲು ಶುರು. ಮನೆಯ ಚಪ್ಪಲಿಗಳಿಗೆ ಕೇಡುಗಾಲ ಬರುವುದೂ ಆಗಲೇ. ಬಿದ್ದ ಹಲ್ಲನ್ನು ಮರಿ ನುಂಗಿಬಿಡುವುದೇ ಜಾಸ್ತಿ, ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಐದಾರು ತಿಂಗಳಿಗೆ ಕೋರೆಹಲ್ಲು ಬದಲಾಗುತ್ತವೆ. ಏಳು ತಿಂಗಳಿಗೆ 42 ಕಾಯಂ ಹಲ್ಲೂ ಬಂದು ಬಾಯಿ ತುಂಬಿರುತ್ತದೆ. ನಮಗೆ ಬುದ್ಧಿಹಲ್ಲು ಬರಲು 17 ದಾಟಬೇಕು, ಅಲ್ವಾ?

ಮನಸ್ಸು ಇಷ್ಟು ಬೇಗ ಮಾಗುವುದಿಲ್ಲ. 2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಷರ್ ತಂಡ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ಐದು ತಿಂಗಳಲ್ಲಿ ‘ಕೂತ್ಕೋ’ ಅಂದರೆ ಕೂರುತ್ತಿದ್ದ ಮರಿಗಳು ಎಂಟನೇ ತಿಂಗಳಲ್ಲಿ ಸಾಕಿದವರ ಮಾತಿಗೆ ಕಿವಿಗೊಡುವುದು ಕಡಿಮೆಯಾಯಿತು. ಅದೇ ಅಪರಿಚಿತರು ಹೇಳಿದರೆ ಹಾಗಲ್ಲ. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಲ್ಲಿನ ಲೆಕ್ಕದಲ್ಲಿ ದೊಡ್ಡದಾದ ಎಂಟು ತಿಂಗಳ ನಾಯಿ ನಡತೆಯಲ್ಲಿ ಇನ್ನೂ ಹೈಸ್ಕೂಲಿನಲ್ಲೇ ಇರುತ್ತದೆ.

ಲಾಗರಿದಮ್ ಸೂತ್ರ

2020ರಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಟ್ರೇ ಐಡೆಕರ್ ತಂಡ ನೂರಕ್ಕೂ ಹೆಚ್ಚು ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎ ನೋಡಿತು. ವಯಸ್ಸಾದಂತೆ ಡಿಎನ್‌ಎಗೆ ಅಂಟಿಕೊಳ್ಳುವ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತುಗಳ ವಿನ್ಯಾಸ ಬದಲಾಗುತ್ತದೆ. ಅದನ್ನು ಮನುಷ್ಯರದರ ಜೊತೆ ಹೋಲಿಸಿ ಒಂದು ಸೂತ್ರ ಕೊಟ್ಟರು. ನಾಯಿಯ ವಯಸ್ಸಿನ ನೈಸರ್ಗಿಕ ಲಾಗರಿದಮ್ ತೆಗೆದುಕೊಳ್ಳಿ, 16ರಿಂದ ಗುಣಿಸಿ, 31 ಕೂಡಿಸಿ. ಮೊಬೈಲಿನ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದರೆ ಅದಕ್ಕೆಂದೇ ಇರುವ ‘ಎಲ್‌ಎನ್’ ಬಟನ್ ಸಿಗುತ್ತದೆ. 2 ವರ್ಷದ ನಾಯಿಗೆ 42 ಬರುತ್ತದೆ, 4ಕ್ಕೆ 53, 7ಕ್ಕೆ 62, 12ಕ್ಕೆ 71. ಮೊದಲು ದಡದಡ ಏರಿ ಆಮೇಲೆ ಚಪ್ಪಟೆಯಾಗುವ ಗೆರೆ.

ಆದರೆ 1 ವರ್ಷಕ್ಕೆ ಉತ್ತರ 31. ಪರದೆ ಹರಿಯುವ ಆ ತುಂಟನಿಗೆ ಮೂವತ್ತೊಂದು ಅಂದ್ರೆ ಯಾರು ನಂಬುತ್ತಾರೆ? ಸೂತ್ರ ಅಳೆಯುವುದು ಡಿಎನ್‌ಎ ಮೇಲಿನ ಗುರುತನ್ನು, ನಡತೆಯನ್ನಲ್ಲ. ಮೇಲಾಗಿ ನೋಡಿದ್ದು ಒಂದೇ ತಳಿ. ಗೆರೆಯ ಆಕಾರ ಅರ್ಥಮಾಡಿಕೊಳ್ಳಲು ಸೂತ್ರ, ದಿನಬಳಕೆಗೆ 15-9-5ರ ಲೆಕ್ಕ ಅಂತ ಇಟ್ಟುಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಗಾತ್ರದ ಒಗಟು

ಸಾಮಾನ್ಯವಾಗಿ ದೊಡ್ಡ ಪ್ರಾಣಿ ಜಾಸ್ತಿ ಬಾಳುತ್ತದೆ. ಇಲಿಗಿಂತ ಆನೆ. ನಾಯಿಗಳ ಒಳಗೆ ಇದು ತಲೆಕೆಳಗು. ಪುಟ್ಟ ತಳಿಯ ಚಿವಾವಾ 14-15 ವರ್ಷ ಆರಾಮಾಗಿ ಬಾಳಿದರೆ ದೈತ್ಯ ತಳಿಯ ಗ್ರೇಟ್ ಡೇನ್ ಎಂಟೋ ಒಂಬತ್ತೋ. 2013ರಲ್ಲಿ ಜರ್ಮನಿಯ ಕೊರ್ನೇಲಿಯಾ ಕ್ರೌಸ್ ಮತ್ತು ಸಂಗಡಿಗರು 74 ತಳಿಗಳ ಸಾವಿನ ದಾಖಲೆ ನೋಡಿ, ಪ್ರತಿ 2 ಕೆಜಿ ತೂಕಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಆಯಸ್ಸು ಇಳಿಯುತ್ತದೆ ಎಂದರು. ದೊಡ್ಡ ತಳಿಗಳಲ್ಲಿ ಮುಪ್ಪು ಶುರುವಾದ ಮೇಲೆ ಬೇಗ ಬೇಗ ಸಾಗುತ್ತದೆ ಅನ್ನುವುದು ಅವರ ಮುಖ್ಯ ತೀರ್ಮಾನ.

ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಪುಟ್ಟ ತಳಿಯ ನಾಯಿ ವರ್ಷ ತುಂಬುವ ಮೊದಲೇ ಪೂರ್ತಿ ಬೆಳೆದಿರುತ್ತದೆ. ಗ್ರೇಟ್ ಡೇನ್‌ಗೆ ಒಂದೂವರೆಯಿಂದ ಎರಡು ವರ್ಷ ಬೇಕು. ಅಂದರೆ ಬಾಲ್ಯ ಉದ್ದ, ಮುಪ್ಪು ಗಿಡ್ಡ. ಸುಮಾರು ಅರ್ಧ ಕೆಜಿಯ ಮರಿ 50 ಕೆಜಿ ದಾಟುವ ಈ ಬೆಳವಣಿಗೆಗೆ ಐಜಿಎಫ್-1 ಎಂಬ ಹಾರ್ಮೋನಿನ ನಂಟಿದೆ. ಅದರ ಜೀನಿನ ಒಂದು ರೂಪ ಪುಟ್ಟ ತಳಿಗಳಲ್ಲಿ ಜಾಸ್ತಿ ಕಾಣುತ್ತದೆ ಎಂದು 2007ರಲ್ಲಿ ಗೊತ್ತಾಯಿತು.

ಮುಪ್ಪಿನ ಗುರುತುಗಳು

ಏಳೆಂಟು ವರ್ಷದ ನಾಯಿಯ ಕಣ್ಣಪಾಪೆಯಲ್ಲಿ ತೆಳು ನೀಲಿ ಮಂಜು ಕಂಡರೆ ಅದು ಪೊರೆಯೇ ಆಗಬೇಕಿಲ್ಲ. ಮಸೂರ ವಯಸ್ಸಿಗೆ ಗಟ್ಟಿಯಾಗುವುದೂ ಹಾಗೇ ಕಾಣುತ್ತದೆ, ಅದರಿಂದ ನೋಟಕ್ಕೆ ಅಂಥ ತೊಂದರೆಯಿಲ್ಲ. ಯಾವುದು ಅಂತ ವೈದ್ಯರೇ ನೋಡಿ ಹೇಳಬೇಕು. ರಾತ್ರಿಯೆಲ್ಲ ಸುಮ್ನೆ ಅಡ್ಡಾಡುವುದು, ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣಿಯ ಕಡೆ ನಿಂತು ಕಾಯುವುದು ಮರೆವಿನ ರೋಗದ ಲಕ್ಷಣ ಇರಬಹುದು. ಮೆಟ್ಟಿಲು ಹತ್ತಲು ಹಿಂಜರಿದರೆ ಕೀಲುನೋವು ಇದ್ದೀತು. ‘ವಯಸ್ಸಾಯ್ತು ಬಿಡಿ’ ಅಂದುಬಿಟ್ಟರೆ ಮದ್ದಿರುವ ನೋವೂ ಹಾಗೇ ಉಳಿಯುತ್ತದೆ.

ಬೀದಿಯಿಂದ ತಂದ ದೊಡ್ಡ ನಾಯಿಯ ವಯಸ್ಸು ಹೇಳುವುದು ಮಾತ್ರ ಕಷ್ಟ. ಏಳು ತಿಂಗಳ ನಂತರ ಹಲ್ಲಿನ ಸವೆತ, ಕಟ್ಟಿದ ಪಾಚಿ ನೋಡಿ ಅಂದಾಜು ಕಟ್ಟಬೇಕು. ಮೂಳೆ ಕಡಿಯುವ ನಾಯಿಯ ಹಲ್ಲು ಬೇಗ ಸವೆದು ಆ ಅಂದಾಜೂ ತಪ್ಪುತ್ತದೆ. ಪೋರ್ಚುಗಲ್‌ನ ಬೋಬಿ ಎಂಬ ನಾಯಿ 31 ವರ್ಷ ಬದುಕಿತು ಎಂದು ಒಪ್ಪಿದ್ದ ಗಿನ್ನೆಸ್ ಸಂಸ್ಥೆ, ಪುರಾವೆ ಸಾಲದು ಎಂದು 2024ರ ಫೆಬ್ರವರಿಯಲ್ಲಿ ದಾಖಲೆ ಹಿಂಪಡೆಯಿತು.